ಶೀನಣ್ಣನ ಹೋಟೆಲ್‌ನಲ್ಲಿ ಶೇಕಡಾ ನೂರು ಹಾಜರಿ

ಹೋದ ವಾರ ನಮ್ಮ ಕಾಲೇಜಿನ ಮೇಷ್ಟ್ರುಗಳ ಹಾಜರಾತಿ ವರದಿ ಬಂತು. ನನಗೆ ಶೇಕಡಾ ನೂರು!

ಓದುವ ಕಾಲದಲ್ಲಿ ಅಟೆಂಡೆನ್ಸ್ ಕಮ್ಮಿಯಾಗಿ ಅಪ್ಪನನ್ನು ಕಾಲೇಜಿಗೆ ಕರೆದುಕೊಂಡು ಹೋದ ಆಸಾಮಿ ನಾನು. ಅಂಥವನಿಗೆ ನೂರಕ್ಕೆ ನೂರು ಎಂದರೆ ಸುಮ್ಮನೆಯೇ? ಫೋನ್ ಹಿಡಿದು ಹೆಂಡತಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದಳು. “ಸರಿಯಾಗಿ ನೋಡಿ, ಬೇರೆ ಯಾರದೋ ಇರ್ಬೇಕು” ಅಂದಳು.

ಮರುದಿನ ಸ್ಟಾಫ್ ರೂಮಿಗೆ ಕಾಲಿಟ್ಟರೆ ಶೋಭಾ ಕಾಯುತ್ತಾ ನಿಂತಿದ್ದರು.

ಶೋಭಾ ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿ. (ಅತಿಥಿ ಎಂದರೆ ಉಪಚಾರ ಇರುತ್ತದೆ ಎಂದುಕೊಳ್ಳಬೇಡಿ. ಪ್ರತಿ ಸೆಮಿಸ್ಟರಿಗೂ ಹೊಸದಾಗಿ ನೇಮಕವಾಗಬೇಕು. ಯಾರಿಗೂ ಬೇಡದ ಮೊದಲ ಪೀರಿಯಡ್ ಅವರ ತಲೆಗೇ.) ಮಾರುಕಟ್ಟೆಯಲ್ಲಿ ತರಕಾರಿ ಮಂಡಿ ಇರುವ ಮನೆಯವರು. ಚಾಮರಾಜಪೇಟೆಯಿಂದ ಶಂಕರಪುರಂವರೆಗೆ ನಡೆದುಕೊಂಡೇ ಬಂದು, ಬೆಲ್ ಹೊಡೆಯುವ ಮೊದಲು ತರಗತಿಯಲ್ಲಿರುತ್ತಾರೆ. ನಾನು ಸ್ಕೂಟರ್ ಸ್ಟ್ಯಾಂಡ್ ಹಾಕುವಾಗ ಅವರ ಪಾಠ ಮೈದಾನದ ಆಚೆಯಿಂದ ಕೇಳುತ್ತಿರುತ್ತದೆ.

ಆ ಶೋಭಾಗೆ ವರದಿಯಲ್ಲಿ ಸೊನ್ನೆ.

“ಸಾರ್, ಇಡೀ ಸೆಮಿಸ್ಟರ್ ಆಬ್ಸೆಂಟ್ ಅಂತ ತೋರಿಸ್ತಿದೆ. ಪ್ರಿನ್ಸಿಪಾಲರು ಮುಂದಿನ ಸೆಮಿಸ್ಟರಿಗೆ ನನ್ನ ಹೆಸರು ಕಳಿಸಕ್ಕಾಗಲ್ಲ ಅಂದ್ರು. ಮಧ್ಯ ಒಂದು ಸಲ ಕಟ್ ಆದ್ರೆ ಇಷ್ಟು ವರ್ಷದ ಸರ್ವಿಸ್ ಹೋಯ್ತು ಸಾರ್.”

“ನೀವು ಹಾಜರಾತಿ ಆ್ಯಪ್ ಒತ್ತಿರಲಿಲ್ವಾ ಮೇಡಂ?” ಎಂದೆ, ನೂರಕ್ಕೆ ನೂರು ಪಡೆದವನ ಗತ್ತಿನಲ್ಲಿ.

“ದಿನಾ ಒತ್ತಿದೀನಿ. ಬೆಳಿಗ್ಗೆ ಬಂದ ತಕ್ಷಣ, ಸಂಜೆ ಹೊರಡೋವಾಗ. ಕ್ಲಾಸಲ್ಲೇ ನಿಂತ್ಕೊಂಡು ಒತ್ತಿದೀನಿ. ನೀವು ಎಲ್ಲಿ ಒತ್ತೋದು ಸಾರ್?”

ನಾನು ಎಲ್ಲಿ ಒತ್ತುತ್ತೇನೆ? ಯೋಚಿಸಿದೆ. ಬೆಳಿಗ್ಗೆ ಎದುರಿನ ಶೀನಣ್ಣನ ಹೋಟೆಲ್‌ನಲ್ಲಿ ಕಾಫಿ ಬರುವವರೆಗೆ ಕೈ ಖಾಲಿ ಇರುತ್ತದಲ್ಲ, ಆಗ. ಸಂಜೆಯೂ ಅಲ್ಲೇ, ಹೊರಡುವ ಮುನ್ನ ಇನ್ನೊಂದು ಕಾಫಿಗೆ ಕಾಯುವಾಗ. ನಮ್ಮ ಖಾಯಂ ಮೇಷ್ಟ್ರುಗಳೆಲ್ಲರದೂ ಇದೇ ಪದ್ಧತಿ. ಒತ್ತಿದರೆ ‘ದಾಖಲಾಗಿದೆ’ ಎನ್ನುತ್ತಿತ್ತು ಆ್ಯಪ್. ಹಾಜರೋ ಗೈರೋ ಹೇಳುತ್ತಿರಲಿಲ್ಲ.

ಶೋಭಾ ಫೋನಿನಲ್ಲಿ ಮ್ಯಾಪ್ ತೆರೆದು ನನ್ನ ಮುಂದೆ ಹಿಡಿದರು. ನಮ್ಮ ಕಾಲೇಜಿನ ಹೆಸರು ಹೊತ್ತ ಕೆಂಪು ಗುರುತು ಕಾಲೇಜಿನ ಮೇಲಿರಲಿಲ್ಲ. ರಸ್ತೆಯಾಚೆ ಶೀನಣ್ಣನ ಹೋಟೆಲ್ ಮೇಲಿತ್ತು. ಸುಮಾರಾಗಿ ಕಾಫಿ ಕೌಂಟರಿನ ಪಕ್ಕ. ಸುತ್ತ ಒಂದು ನೀಲಿ ವೃತ್ತ, ಅದು ನಮ್ಮ ಗೇಟಿನ ತನಕ ಬಂದು ಸುಸ್ತಾಗಿ ನಿಂತಿತ್ತು. ವೃತ್ತದೊಳಗಿದ್ದವರು ಹಾಜರು. ಹೊರಗಿದ್ದವರು ಗೈರು.

“ಸಾರ್, ನಾನು ಕ್ಲಾಸಲ್ಲಿದ್ದೆ. ಅದಕ್ಕೇ ಆಬ್ಸೆಂಟು” ಅಂದರು ಶೋಭಾ.

ಈ ಗುರುತು ಅಲ್ಲಿಗೆ ಹೇಗೆ ಹೋಯಿತು? ಯಾರು ಆ ಮಹಾನುಭಾವ?

ನಾನೇ.

ನಾನು ಪಾಠ ಮಾಡುವ ಸಾರ್ವಜನಿಕ ಆಡಳಿತದಲ್ಲಿ ‘ಡಿಜಿಟಲ್ ಆಡಳಿತ’ ಎಂಬ ಅಧ್ಯಾಯವಿದೆ. ‘ತಂತ್ರಜ್ಞಾನದಿಂದ ಪಾರದರ್ಶಕತೆ ಹೆಚ್ಚುತ್ತದೆ, ವಿವರಿಸಿ’ ಎಂಬ ಪ್ರಶ್ನೆಯನ್ನು ವರ್ಷ ವರ್ಷವೂ ಕೇಳುತ್ತೇನೆ. ಇಷ್ಟು ಅರ್ಹತೆ ಸಾಲದೆ? ಕಾಲೇಜಿಗೆ ಹಾಜರಾತಿ ಆ್ಯಪ್ ಬಂದಾಗ ನನ್ನನ್ನೇ ಡಿಜಿಟಲ್ ಸಮಿತಿಯ ಅಧ್ಯಕ್ಷನನ್ನಾಗಿ ಮಾಡಿದರು. ಸಮಿತಿಯ ಮೊದಲ ಸಭೆ, ಎಂದಿನಂತೆ, ಶೀನಣ್ಣನ ಹೋಟೆಲ್‌ನಲ್ಲಿ. ಖಾರಾಬಾತ್ ಅರ್ಧ ಮುಗಿದಿತ್ತು. ಆ್ಯಪ್ ಕಂಪನಿಯ ಹುಡುಗಿ ಫೋನ್ ಮಾಡಿದಳು.

“ಸಾರ್, ಕ್ಯಾಂಪಸ್ಸಲ್ಲಿದೀರಾ?”

“ಹೌದಮ್ಮಾ, ಕ್ಯಾಂಪಸ್ಸಲ್ಲೇ ಇದೀನಿ.”

ಸುಳ್ಳಲ್ಲ ಸ್ವಾಮಿ! ನಾವು ಯಾರೂ ಶೀನಣ್ಣನ ಹೋಟೆಲನ್ನು ಹೊರಗೆ ಎಂದುಕೊಂಡವರೇ ಅಲ್ಲ. ಇಂಟರ್ನಲ್ ಮಾರ್ಕ್ಸ್ ಜಗಳ, ನಿವೃತ್ತಿಯ ಬೀಳ್ಕೊಡುಗೆ, ಟೈಮ್ ಟೇಬಲ್ ಹಂಚಿಕೆ ಎಲ್ಲವೂ ಆಗುವುದು ಅಲ್ಲೇ. “ಹಾಗಾದ್ರೆ ‘ಇದೇ ನಮ್ಮ ಸಂಸ್ಥೆ’ ಅಂತಿದೆಯಲ್ಲ, ಅದನ್ನ ಒತ್ತಿ ಸಾರ್” ಅಂದಳು. ಬಲಗೈಗೆ ಚಟ್ನಿ ಹತ್ತಿತ್ತು. ಎಡಗೈ ಕಿರುಬೆರಳಿನಲ್ಲಿ ಒತ್ತಿದೆ. ಕಾಮರ್ಸಿನ ನಂಜುಂಡಪ್ಪ ಚಪ್ಪಾಳೆ ತಟ್ಟಿದರು.

ನಗು ಬರುವ ವಿಷಯವೇ. ಆದರೆ ಶೋಭಾ ನಗುತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

ಯೋಚನೆ ಮಾಡಿ. ಶೋಭಾ ಪಾಠ ಮಾಡಿದ್ದನ್ನು ಒಂದು ತರಗತಿ ತುಂಬ ಮಕ್ಕಳು ನೋಡಿದ್ದಾರೆ. ಪ್ರಿನ್ಸಿಪಾಲರು ದಿನಾ ಕಾರಿಡಾರಿನಲ್ಲಿ ಅವರ ನಮಸ್ಕಾರ ತೆಗೆದುಕೊಂಡಿದ್ದಾರೆ. ಆದರೂ ‘ರಿಪೋರ್ಟಲ್ಲಿ ಇಲ್ವಲ್ಲಮ್ಮಾ’ ಎಂದರು. ಕೆಲಸ ಮಾಡಿ ಮಾಡಿ ಬೆರಳು ಸವೆದ ಅಜ್ಜಿಗೆ ರೇಷನ್ ಅಂಗಡಿಯಲ್ಲಿ ‘ನೀನು ನೀನಲ್ಲ’ ಎನ್ನುತ್ತದಲ್ಲ ಬೆರಳಚ್ಚು ಯಂತ್ರ, ಇದೂ ಅದೇ ಕಥೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ನಾವು ಪ್ರಮಾಣಿಸುವ ಕೆಲಸವನ್ನು ಫೋನಿಗೆ ಕೊಟ್ಟು, ನೋಡುವುದನ್ನೇ ಬಿಟ್ಟುಬಿಟ್ಟೆವು. ನೌಕರಿ ಹೋಗುವುದು ಯಂತ್ರ ಬುದ್ಧಿವಂತ ಆದಾಗ ಎಂದು ಎಲ್ಲರೂ ಹೆದರಿಸುತ್ತಾರೆ. ನನ್ನಂಥವನ ಎಡಗೈ ಕಿರುಬೆರಳು ಸಾಕು ಕಣ್ರೀ.

ಪ್ರಿನ್ಸಿಪಾಲರಿಗೆ ಮ್ಯಾಪ್ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿ, ಮಧ್ಯಾಹ್ನ ಸ್ಟಾಫ್ ಮೀಟಿಂಗ್ ಕರೆದರು.

“ಗುರುತು ತಪ್ಪು ಜಾಗದಲ್ಲಿದೆ ಅಂತಿದಾರೆ. ಇದು ನಿಜ ಆದ್ರೆ ನಿಮಗೆಲ್ಲ ನೂರು ಪರ್ಸೆಂಟ್ ಬಂದಿರೋದು ಹೋಟೆಲ್‌ನಲ್ಲಿ ಕೂತು. ಒಪ್ಕೊಳ್ಳೋರು ಇದ್ರೆ ಶೋಭಾ ಅವರ ಹೆಸರು ಕಳಿಸ್ತೀನಿ. ಇಲ್ಲಾಂದ್ರೆ ರಿಪೋರ್ಟೇ ಸರಿ. ಹೋಟೆಲ್‌ನಲ್ಲಿ ಒತ್ತಿದವರು ಕೈ ಎತ್ತಿ.”

ನಂಜುಂಡಪ್ಪ ಚಾವಣಿಯ ಬಿರುಕನ್ನು ಅಧ್ಯಯನ ಮಾಡತೊಡಗಿದರು. ಕೊನೆಯ ಕುರ್ಚಿಯಲ್ಲಿ ಶೋಭಾ ತಲೆ ತಗ್ಗಿಸಿ ಕೂತಿದ್ದರು.

ನಾನು ತಕ್ಷಣ ಎದ್ದು ನಿಂತೆ ಎಂದು ಬರೆಯಬೇಕು. ಬರೆಯಲಾರೆ. ಅಷ್ಟೂ ಹೊತ್ತು ನನ್ನ ತಲೆಯಲ್ಲಿದ್ದದ್ದು ಒಂದೇ: ಜನ್ಮದಲ್ಲಿ ಮೊದಲ ಸಲ ಬಂದ ನೂರಕ್ಕೆ ನೂರು! ಅದೂ ಹೆಂಡತಿಗೆ ತೋರಿಸಿಯಾಗಿದೆ. ಪ್ರಿನ್ಸಿಪಾಲರು ಇನ್ನೇನು ‘ಸರಿ, ಆಯ್ತು’ ಎನ್ನಲು ಬಾಯಿ ತೆರೆದಾಗ ಕೈ ಎತ್ತಿದೆ. ಹಿಂದಿನ ಬೆಂಚಿನ ಹುಡುಗ ಬಾತ್‌ರೂಮಿಗೆ ಹೋಗಲು ಎತ್ತುತ್ತಾನಲ್ಲ, ಅಷ್ಟೇ ಎತ್ತರಕ್ಕೆ.

“ಗುರುತು ಹಾಕಿದ್ದೂ ನಾನೇ ಸಾರ್. ಅಲ್ಲೇ ಕೂತು ಹಾಕಿದೆ.”

“ನೀವೊಬ್ಬರೇನಾ?”

ಇನ್ನೊಂದು ಕೈ ಮೇಲೆ ಬರಲಿಲ್ಲ. ಆದರೆ ಶೋಭಾ ತಲೆ ಎತ್ತಿದರು. ಅವರ ಹೆಸರು ಅಂದೇ ಹೋಯಿತು. ಮುಂದಿನ ಸೆಮಿಸ್ಟರಿಗೂ ಅವರೇ, ಮೊದಲ ಪೀರಿಯಡ್ಡೂ ಅವರದೇ. ಹೊರಗೆ ಬಂದಾಗ ನಂಜುಂಡಪ್ಪ ನನ್ನ ಹೆಗಲ ಮೇಲೆ ಕೈ ಹಾಕಿ, “ನಾನೂ ಮನಸ್ಸಲ್ಲಿ ಎತ್ತಿದ್ದೆ ಸಾರ್” ಅಂದರು. ಅವರಿಗೆ ಈ ಸಲ ಅತ್ಯುತ್ತಮ ಹಾಜರಾತಿಯ ಪ್ರಶಂಸಾಪತ್ರ ಬರಲಿದೆಯಂತೆ.

ನನಗೂ ಒಂದು ಬಂತು. ನೋಟಿಸು. ಮಾಡಿದ್ದುಣ್ಣೋ ಮಹರಾಯ. ಈಗ ಎಲ್ಲವೂ ಆ್ಯಪ್‌ನಲ್ಲೇ ತಾನೇ? ಸ್ಟಾಫ್ ರೂಮಿನಲ್ಲಿ ನನ್ನ ಟೇಬಲ್ಲಿನ ಮುಂದೆ ಕೂತು ತೆರೆಯಲು ನೋಡಿದೆ. ‘ಇದನ್ನು ಸಂಸ್ಥೆಯ ಆವರಣದೊಳಗೆ ಮಾತ್ರ ತೆರೆಯಬಹುದು’ ಎಂದಿತು. ಗುರುತು ಬದಲಾಯಿಸಿ ಎಂದು ಕಂಪನಿಗೆ ಕಳಿಸಿದ ದೂರಿಗೆ ‘ನಿಮ್ಮ ದೂರು ನಮಗೆ ಮುಖ್ಯ’ ಎಂಬ ಉತ್ತರ ಬಂದು ಅಲ್ಲಿಗೇ ನಿಂತಿದೆ.

ಇನ್ನೇನು ಮಾಡಲಿ? ಕಾಲೇಜಿನಿಂದ ಹೊರಬಿದ್ದೆ. ರಸ್ತೆ ದಾಟಿದೆ. ಶೀನಣ್ಣ ಕೇಳದೆಯೇ ಕಾಫಿ ತಂದಿಟ್ಟರು.

ಒತ್ತಿದೆ. ‘ನೀವು ಈಗ ಸಂಸ್ಥೆಯ ಆವರಣದಲ್ಲಿದ್ದೀರಿ, ಸ್ವಾಗತ’ ಎಂದು ಹಸಿರು ಅಕ್ಷರ ಮೂಡಿ, ನೋಟಿಸು ತೆರೆದುಕೊಂಡಿತು:

‘ಇಡೀ ಸೆಮಿಸ್ಟರ್ ನೀವು ಸಂಸ್ಥೆಯ ಆವರಣದಲ್ಲಿ ಏಕೆ ಇರಲಿಲ್ಲ?’