ಸುಜಾತಾ ಎಳೆದ ಕಾಂಟಾ

ಸುಜಾತಾ ಏನು ಹೇಳಿದರೂ ಎದುರಿದ್ದವರು ಅದನ್ನೇ ತಿರುಗಿ ಹೇಳಬೇಕಿತ್ತು. "ಗ್ಯಾಸ್ ಬಂದ್" ಅಂದರೆ ಒಲೆಯ ಮುಂದಿನ ತಾಯಿಯೂ "ಗ್ಯಾಸ್ ಬಂದ್" ಅನ್ನಬೇಕು. "ನಾಳೆ ಮುಂಜಾನೆ ಬಾ" ಅಂದರೆ ನಾನು "ನಾಳೆ ಮುಂಜಾನೆ" ಅನ್ನಬೇಕು. ಬರೀ ತಲೆಯಾಡಿಸಿದರೆ ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತಿದ್ದಳು. ಆಕೆ ಗೂಡ್ಸ್ ಗಾಡಿ ಓಡಿಸುತ್ತಿದ್ದವಳು. ಎಂಜಿನ್ನಿನಲ್ಲಿ ಸಿಗ್ನಲ್ ಕಂಡವರು ಅದನ್ನು ಕೂಗಿ ಹೇಳಬೇಕು, ಪಕ್ಕದವರು ಅದನ್ನೇ ಮತ್ತೆ ಕೂಗಬೇಕು. ಆ ಕಾಯಿದೆಯನ್ನು ಕೊಳಕೂರಿನ ಮನೆಗೂ ತಂದಿದ್ದಳು. ಅದಕ್ಕೆ ಬಗ್ಗದವರು ಒಬ್ಬರೇ, ಆಕೆಯ ಅಪ್ಪ ಭೀಮಶಾ ಕಾಕಾ. ಕಾಕಾ ಗೌಂಡಿ, ಜೇವರ್ಗಿ ಕಡೆಯ ಎಷ್ಟೋ ಊರುಗಳಲ್ಲಿ ಅವರು ಕಟ್ಟಿದ ಗೋಡೆಗಳಿವೆ. ಯಾರು ಏನು ಹೇಳಿದರೂ "ಹೂಂ" ಅನ್ನುವುದು, ಆಮೇಲೆ ತಮಗೆ ತಿಳಿದಂತೆ ಮಾಡುವುದು ಅವರ ಪದ್ಧತಿ.

ಎರಡೂ ಕಿಡ್ನಿ ಕೈಕೊಟ್ಟು ಊರಿಗೆ ಬಂದು ಮಲಗಿದಾಗ ಸುಜಾತಾ ಇನ್ನೂ ನಲವತ್ತು ಮುಟ್ಟಿರಲಿಲ್ಲ. ಡಯಾಲಿಸಿಸ್ಸಿಗೆ ಕಲಬುರ್ಗಿಗೆ ಹೋಗಿ ಬರುವುದು, ಬಂದು ಗೋಡೆಗೆ ಮುಖ ಮಾಡಿ ಬಿದ್ದುಕೊಳ್ಳುವುದು, ನಡುವೆ ಒಂದು ಒಳ್ಳೆಯ ದಿನ ಸಿಕ್ಕರೆ ಯಾರಿಗಾದರೂ ಬೈಯುವುದು. ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡು ಎದುರು ಮನೆಯಲ್ಲೇ ಇದ್ದ ನನಗೆ ಆ ಬೈಗುಳದಲ್ಲಿ ದೊಡ್ಡ ಪಾಲು ಬರುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡಿದವರು ಕೊಟ್ಟುಹೋದ ಮೊಳದುದ್ದದ, ಕರೆಂಟಿನಿಂದ ಓಡುವ ಮಾದರಿ ಎಂಜಿನ್ನೊಂದು ಆಕೆಯ ತಲೆದಿಂಬಿನ ಪಕ್ಕದಲ್ಲಿರುತ್ತಿತ್ತು. ಒಂದು ದಿನ ನನ್ನನ್ನು ಕರೆಸಿ, ಅದು ಓಡಾಡಲು ಮನೆ ಮುಂದಿನ ಅಂಗಳದಲ್ಲಿ ಹಳಿ ಹಾಕಬೇಕು ಅಂದಳು. ಜ್ವರದ ಮಾತು ಅಂದುಕೊಂಡೆ. ಮುಟ್ಟಿ ನೋಡಿದರೆ ಮೈ ತಣ್ಣಗಿತ್ತು.

ಹಳಿ ಆರಿಸುವುದರಲ್ಲೇ ಸುಮಾರು ದಿನ ಹೋದವು. ಮೊಬೈಲಿನಲ್ಲಿ ನಾನು ತೋರಿಸಿದ ಪ್ಲಾಸ್ಟಿಕ್ ಹಳಿ ನಮ್ಮ ಬಿಸಿಲಿಗೆ ಹಪ್ಪಳವಾಗುತ್ತದೆ ಅಂದಳು. ಅಲ್ಯೂಮಿನಿಯಂ ಹಗುರ, ಆದರೆ ಅದಕ್ಕೆ ಬೆಸುಗೆ ಸುಲಭಕ್ಕೆ ಹಿಡಿಯುವುದಿಲ್ಲ. ಕೊನೆಗೆ ಹಿತ್ತಾಳೆಯೇ ಆಗಲಿ ಅಂತಾಯಿತು. ಮಳೆಗೆ ಕಪ್ಪಾದರೂ ಉಜ್ಜಿದರೆ ಕರೆಂಟು ಹರಿಯುತ್ತದೆ. ಗುಂಡಗೆ ಒಂದು ಸುತ್ತು ಹಾಕಿದರೆ ಬೇಗ ಮುಗಿಯುತ್ತದಲ್ಲ ಅಂತ ನಾನು ಜಾಣತನ ತೋರಿಸಲು ಹೋದೆ.

"ಗುಂಡಗ ತಿರಗೋದು ಗಾಡಿ ಅಲ್ಲಣ್ಣ, ಗಾಣ" ಅಂದಳು.

ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗಕ್ಕೆ ರೈಲಿನವರು ಕಾಂಟಾ ಅನ್ನುತ್ತಾರೆ. ಆಕೆಗೆ ಅದು ಬೇಕೇ ಬೇಕಿತ್ತು. ಗುಂಡಿ ಒತ್ತಿದರೆ ತಾನೇ ಹೊರಳುವ ಕರೆಂಟಿನ ಕಾಂಟಾ ಸಿಗುತ್ತಿತ್ತು. ಎರೆ ಮಣ್ಣಿನ ಧೂಳು ಹೊಕ್ಕರೆ ಅದರ ಮೋಟಾರು ಬಾಳುವುದಿಲ್ಲ ಅಂತ ತಳ್ಳಿಹಾಕಿದಳು. ಕೈಯಿಂದ ಎಳೆಯುವುದೇ ಬೇಕು, ಅದೂ ತನ್ನ ಮಂಚದ ಮೇಲಿಂದ.

"ಇಷ್ಟು ವರ್ಷ ಬ್ಯಾರೇದವರು ಕಾಂಟಾ ಹೊಳ್ಳಿಸಿದ ಕಡೆ ಗಾಡಿ ಒಯ್ದೇನಿ. ಇದೊಂದು ನನ್ನ ಕೈಲೆ ಹೊಳ್ಳಿಸಿ, ಗಾಡಿ ದಾಟೋದು ನೋಡಬೇಕಣ್ಣಾ. ಒಂದೇ ಸಲ ಆದ್ರೂ ಆತು."

ಎಷ್ಟು ದಿನ ಉಳಿದಿವೆ ಅನ್ನುವುದನ್ನು ಡಾಕ್ಟರು ಅಷ್ಟರಲ್ಲಿ ತಾಯಿಯ ಕಿವಿಗೆ ಹಾಕಿದ್ದರು. ನಾನು ವಾದ ಮಾಡಲಿಲ್ಲ. ಸೈಕಲ್ ಬ್ರೇಕಿನ ಕೇಬಲ್ಲುಗಳನ್ನು ಕೂಡಿಸಿ, ಮಂಚದ ಕಾಲಿನಿಂದ ಹೊಸ್ತಿಲು ದಾಟಿಸಿ, ಕಾಂಟಾ ಬರುವ ಜಾಗದವರೆಗೆ ಎಳೆದಿಟ್ಟೆ.

ಕಾಕಾ ದಾರ ಹಿಡಿದು ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿದರು, ಕೆಳಗಿನ ಮಣ್ಣು ಬಿರಿದರೂ ಮೇಲಿನದು ಕದಲಬಾರದು ಅಂತ. ಫರಸಿಯ ಮೇಲೆ ಸಣ್ಣ ಜಲ್ಲಿ ಖಡಿ ಹರವಿ, ಹಳಿಯನ್ನು ಅದರಲ್ಲಿ ಸಡಿಲವಾಗಿ ಕೂಡಿಸಬೇಕು, ತುಂಡುಗಳ ನಡುವೆ ಸಂದು ಬಿಡಬೇಕು ಎಂದು ಮಗಳು ಮಂಚದಿಂದಲೇ ಹೇಳಿದಳು. ಹಿತ್ತಾಳೆ ಬಿಸಿಲಿಗೆ ಉದ್ದವಾಗುತ್ತದೆ, ಅದಕ್ಕೆ ಜಾಗ ಬೇಕು.

"ಸಿಮೆಂಟ್ ಬ್ಯಾಡಪ್ಪ" ಅಂದಳು. ಕಾಕಾ "ಹೂಂ" ಅಂದರು.

ಅದೇ ವಾರ ಆಕೆಗೆ ಉಸಿರು ಕಟ್ಟಿ, ಕಲಬುರ್ಗಿಯಲ್ಲಿ ಅಡ್ಮಿಟ್ ಮಾಡಬೇಕಾಯಿತು. ತಾಯಿಯ ಜೊತೆ ನಾನೂ ಹೋದೆ. ಊರಲ್ಲಿ ಒಬ್ಬರೇ ಉಳಿದ ಕಾಕಾ, ಮಗಳು ಬರುವುದರೊಳಗೆ ಎಲ್ಲ ಮುಗಿಸಬೇಕೆಂದು ಕೂತರು. ಕೆಲಸವನ್ನು ಅಲುಗಾಡುವಂತೆ ಬಿಟ್ಟು ಏಳುವುದು ಅವರಿಗೆ ರೂಢಿಯೇ ಇರಲಿಲ್ಲ. ಹಳಿಗಳನ್ನು ಒಂದಕ್ಕೊಂದು ಬಿಗಿಯಾಗಿ ಒತ್ತಿ, ಇಕ್ಕೆಲಕ್ಕೂ ಸಿಮೆಂಟು ತುಂಬಿ, ಕರಣಿಯಿಂದ ನಯಮಾಡಿ, ಹಸಿ ಗೋಣಿಚೀಲ ಹೊದಿಸಿ, ಹೊತ್ತು ಹೊತ್ತಿಗೆ ನೀರುಣಿಸಿದರು. ಮಗಳ ಮೇಲಿನ ಪ್ರೀತಿಯನ್ನು ಅವರು ಬೇರೆ ಯಾವ ರೀತಿಯಲ್ಲೂ ತೋರಿಸಬಲ್ಲವರಲ್ಲ. ಆಮೇಲೆ ಚೀಲ ತೆಗೆದರು. ಬೇಸಿಗೆಯ ಬಿಸಿಲು ತನ್ನ ಕೆಲಸ ಮಾಡಿತು.

ಆಕೆಯನ್ನು ಜೀಪಿನಿಂದ ಇಳಿಸಿದಾಗ ಹಳಿಗಳು ಸಿಮೆಂಟು ಕಿತ್ತುಕೊಂಡು ಹಾವಿನಂತೆ ಡೊಂಕಾಗಿ ಎದ್ದಿದ್ದವು. ಕಾಂಟಾದೊಳಗೂ ಸಿಮೆಂಟಿನ ರಾಡಿ ಇಳಿದು ಕಲ್ಲಾಗಿತ್ತು. ಸುಜಾತಾ ನೋಡಿದಳು, ಬೈಯಲಿಲ್ಲ. ಅವಳು ಬೈದಿದ್ದರೆ ನಮಗೆಲ್ಲ ಎಷ್ಟೋ ಹಗುರಾಗುತ್ತಿತ್ತು. ಮಲಗಿಸಿದ ಮೇಲೆ ಕೇಬಲ್ಲು ಎಳೆದಳು. ಅದು ಕದಲಲಿಲ್ಲ.

ಹೊಸ ಹಳಿ ತರಿಸಲು ನಾನು ಹೇಳಿ ಕಳಿಸಿದೆ. ಕಾಕಾ ಸಣ್ಣ ಉಳಿ ಹಿಡಿದು, ತಲೆಗೆ ವಸ್ತ್ರ ಸುತ್ತಿಕೊಂಡು, ಕಾಂಟಾದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಹಿತ್ತಾಳೆಗೆ ಏಟು ಬೀಳದಂತೆ ಸಿಮೆಂಟನ್ನು ಚೂರು ಚೂರೇ ಕೆರೆದರು. ಊಟಕ್ಕೆ ಕರೆದರೆ "ಹೂಂ" ಅನ್ನುತ್ತಿದ್ದರು, ಏಳುತ್ತಿರಲಿಲ್ಲ. ಒಳಗೆ ಸುಜಾತಾಳ ಕಾಲು ಬಾತು, ಮಾತು ಕಡಿಮೆಯಾಗುತ್ತ ಬಂತು. ಒಂದು ಸಂಜೆ ಕಾಕಾ ಒಳಬಂದು ಕೇಬಲ್ಲಿನ ತುದಿಯನ್ನು ಆಕೆಯ ಕೈಯಲ್ಲಿಟ್ಟರು. ಎಳೆದಳು. ಹೊರಗೆ ಟಕ್ ಅಂತು.

"ಕಾಂಟಾ ಹೊಳ್ಳಿತು" ಅಂದಳು.

"ಕಾಂಟಾ ಹೊಳ್ಳಿತು" ಅಂದರು ಕಾಕಾ. ಜೀವಮಾನದಲ್ಲಿ ಮೊದಲ ಸಲ ಮಗಳ ಮಾತನ್ನು ತಿರುಗಿ ಹೇಳಿದ್ದರು.

ಆದರೆ ಗಾಡಿ ದಾಟಲು ನೆಟ್ಟಗಿನ ಹಳಿ ಇರಲಿಲ್ಲ. ಹೊಸವು ಬರುವ ಮೊದಲೇ ಸುಜಾತಾ ಹೋದಳು.

ಆಳಂದ, ಅಫಜಲಪುರದಿಂದ ನೆಂಟರು ಬಂದರು. ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ತ್ರಿಸರಣ ಹೇಳಿದರು. ಬಿಳಿ ಬಟ್ಟೆ ಹೊದಿಸಿ ಚಟ್ಟ ಎತ್ತಿದೆವು. ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದರೆ ಮುಂದಿನವರು ನಿಂತುಬಿಟ್ಟರು. ಆ ಮುದುಕ ಬಿಸಿಲಲ್ಲಿ ಕೂತದ್ದನ್ನು ಊರೇ ನೋಡಿತ್ತು, ಆ ಡೊಂಕು ಹಳಿಯನ್ನೂ ತುಳಿಯಲು ಯಾರಿಗೂ ಮನಸ್ಸಾಗಲಿಲ್ಲ. ಒಬ್ಬ ಕಾಲೆತ್ತಿ ದಾಟಲು ಹೋದ, ಚಟ್ಟ ಒಂದು ಮಗ್ಗುಲಿಗೆ ವಾಲಿತು, ಸುಜಾತಾಳ ತಲೆ ಜರುಗಿತು. ಕಾಕಾ ಮುಂದೆ ಬಂದು ನಿಂತರು.

"ಹಳಿ ಮ್ಯಾಲೇ ಕಾಲಿಡ್ರಿ" ಅಂದರು. "ಅಕಿನ್ನ ಅಲುಗಾಡಿಸಬ್ಯಾಡ್ರಿ."

ತುಳಿದೆವು. ಹಿತ್ತಾಳೆ ಒಂದೊಂದೇ ಮಣಿದ ಸಪ್ಪಳ ಎಲ್ಲರಿಗೂ ಕೇಳಿಸಿತು. ಹಿಂದಿನ ಎಡ ತುದಿಗೆ ಹೆಗಲು ಕೊಟ್ಟವನು ನಾನು. ಕಾಂಟಾ ನನ್ನ ಕಾಲ ಕೆಳಗೇ ಬಂತು.