ಅನಾಥ ವೀರರ ಮಹಡಿ ಕೋಣೆ

ನೂರ ಹತ್ತು ರೂಪಾಯಿ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹೊರಗೆ, ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂರುತ್ತಿದ್ದವನು ಮೊದಲು ಹೇಳಿದ್ದು ಇನ್ನೂರೈವತ್ತು. ನಾನು ಆ ಪುಸ್ತಕವನ್ನು ಮುಟ್ಟಲೇ ಇಲ್ಲ. ಪಕ್ಕದಲ್ಲಿದ್ದ ಅಡುಗೆ ಪುಸ್ತಕ ಎತ್ತಿಕೊಂಡೆ, ಅದರ ಬೆಲೆಗೇ ಜಗಳವಾಡಿದೆ, ಹೊರಡುವಾಗ ಮಾತ್ರ ಕಾಲಿನಿಂದ ತೋರಿಸುವ ಹಾಗೆ, "ಇದ್ಯಾವ್ದಣ್ಣ, ಮಕ್ಕಳ ಬೊಂಬೆ ಪುಸ್ತಕಾನಾ? ರಟ್ಟೇ ಇಲ್ಲ" ಎಂದೆ. ಬೇಕು ಅನ್ನುವುದು ಮುಖದಲ್ಲಿ ಕಂಡರೆ ಬೆಲೆ ಏರುತ್ತದೆ. ನಾನು ಇವತ್ತಿನವರೆಗೆ ಬದುಕಿರುವುದು ಈ ಒಂದು ಪಾಠದ ಮೇಲೆ.

ಅದು ಒಂದು ಆಟದ ನಿಯಮಗಳ ಪುಸ್ತಕ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕತೆ ನಡೆಸುತ್ತಾನೆ: ಗುಹೆ, ಕೋಟೆ, ಬೆಂಕಿಯುಗುಳುವ ಡ್ರ್ಯಾಗನ್. ಉಳಿದವರು ಒಂದೊಂದು ಪಾತ್ರವಾಗಿ ಆ ಕತೆಯೊಳಗೆ ಹೊಕ್ಕು ಮಾತಾಡುತ್ತಾರೆ, ಹೊಡೆದಾಡುತ್ತಾರೆ. ಏಟು ಬಿತ್ತೋ ತಪ್ಪಿತೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನನಗೆ ಇದರ ಹುಚ್ಚೇನೂ ಇರಲಿಲ್ಲ. ಹುಚ್ಚು ಇದ್ದದ್ದು ಬನಶಂಕರಿಯಲ್ಲಿದ್ದ ನನ್ನ ಗೆಳೆಯನಿಗೆ. ಅವನ ಮನೆಯ ಮಹಡಿಯಲ್ಲಿ ಒಂದು ಖಾಲಿ ಕೋಣೆಯಿತ್ತು. ನನ್ನ ಕಣ್ಣು ಇದ್ದದ್ದು ಆ ಕೋಣೆಯ ಮೇಲೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದ ನಾನು ಏಪ್ರಿಲಿನಲ್ಲಿ ಮನೆಮನೆ ತಿರುಗಿ ಹಳೇ ಪಠ್ಯಪುಸ್ತಕ ಕೊಂಡು ಜೂನಿನಲ್ಲಿ ಮಾರುತ್ತಿದ್ದೆ. ನಡುವಿನ ದಿನಗಳಲ್ಲಿ ಅವನ್ನು ಇಡುವುದೆಲ್ಲಿ? ಯಡಿಯೂರು ಕೆರೆ ಹಿಂದಿನ ನಮ್ಮ ಬಾಡಿಗೆ ಮನೆಯಲ್ಲಿ ಐದು ಜನ ಕಾಲು ಚಾಚಿದರೆ ಬಾಗಿಲು ಹಾಕಲು ಆಗುತ್ತಿರಲಿಲ್ಲ. ಮಳೆ ಬಂದರೆ ಸೂರು ಸೋರುತ್ತಿತ್ತು. ಹಾಗಾಗಿ ಗೆಳೆಯನಿಗೆ ನಿಯಮದ ಪುಸ್ತಕ ಕೊಟ್ಟೆ, ಆಟಕ್ಕೆ ತಲೆಯೆಣಿಕೆಗೆ ಕೂತೆ, ಮಹಡಿ ಕೋಣೆಯ ಮೂಲೆಯಲ್ಲಿ ನನ್ನ ಹದಿನಾಲ್ಕು ಗಂಟುಗಳನ್ನು ಇಟ್ಟೆ. ಆ ವರ್ಷದ ನನ್ನ ಫೀಸು ಆ ಗಂಟುಗಳಲ್ಲಿತ್ತು.

ಮೊದಲ ಭಾನುವಾರ ಬೆಳಿಗ್ಗೆ ಪಾತ್ರಗಳನ್ನು ಕಟ್ಟಿಕೊಳ್ಳುವ ಕೆಲಸ. ಪುಸ್ತಕದ ಪ್ರಕಾರ ಇಡೀ ಪ್ರಪಂಚದಲ್ಲಿ ಇರುವುದು ನಾಲ್ಕೇ ಕಸುಬು, ಅದಕ್ಕೆ ಕ್ಲಾಸ್ ಎನ್ನುತ್ತಾರೆ: ಯೋಧ, ಮಾಂತ್ರಿಕ, ಪೂಜಾರಿ, ಕಳ್ಳ. ನಾನು ಹಾಳೆಗಳನ್ನು ಹಿಂದೆ ಮುಂದೆ ತಿರುವಿದೆ. ಯೋಧನ ಕತ್ತಿಗೆ ಕಬ್ಬಿಣ ತಂದುಕೊಟ್ಟವನು ಎಲ್ಲಿ? ಮಾಂತ್ರಿಕನ ದೀಪಕ್ಕೆ ಎಣ್ಣೆ ಮಾರಿದವನು ಎಲ್ಲಿ? ಹಗ್ಗಕ್ಕೆ, ಪಂಜಿಗೆ, ಹೇಸರಗತ್ತೆಗೆ ಬೆಲೆಪಟ್ಟಿ ಉಂಟು, ಚೌಕಾಶಿಗೆ ಒಂದು ಸಾಲಿಲ್ಲ. ಬರೆದವರು ಜನ್ಮದಲ್ಲಿ ಮಾರ್ಕೆಟ್ಟಿಗೆ ಹೋದವರಲ್ಲ.

"ವ್ಯಾಪಾರಿ ಇಲ್ವಾ ಗುರು?" ಎಂದೆ.

"ಇಲ್ಲ ಮಗಾ. ಹತ್ರ ಅಂದ್ರೆ ಕಳ್ಳ" ಎಂದ ಗೆಳೆಯ.

ಹಾಗೆ ಕಳ್ಳನಾದೆ. ಪದ್ಮನಾಭನಗರದಿಂದ ಸೈಕಲ್ ತುಳಿದು ಬರುತ್ತಿದ್ದ ಉದ್ದನೆಯವನೊಬ್ಬ, ಜಿರಲೆ ಕಂಡರೆ ಕುರ್ಚಿ ಹತ್ತುವವನು, ಯೋಧನಾದ. ಎರಡು ಕಡೆ ಟ್ಯೂಷನ್‌ಗೆ ಹೋಗಿಯೂ ಗಣಿತದಲ್ಲಿ ಫೇಲಾದ ಇನ್ನೊಬ್ಬ ಮಹಾಜ್ಞಾನಿ ಮಾಂತ್ರಿಕನಾದ. ಜನ ಸಾಲದ್ದಕ್ಕೆ ಕತೆ ನಡೆಸುವ ಗೆಳೆಯನೇ ಪೂಜಾರಿಯ ಪಾತ್ರವನ್ನೂ ಇಟ್ಟುಕೊಂಡ. ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆಮೇಲೆ ಹಾಳೆಯ ಕೆಳಗೆ ಪ್ರತಿಯೊಬ್ಬರೂ ತಮ್ಮ ಪಾತ್ರದ ಹಿನ್ನೆಲೆ ಬರೆಯಬೇಕಿತ್ತು, ಹುಟ್ಟಿದ್ದೆಲ್ಲಿ, ಹೆತ್ತವರು ಯಾರು ಎಂದು. ಬರೆದು ಓದಿದರು. ಯೋಧ ರಾಜಕುಮಾರ, ಅಪ್ಪ ಅಮ್ಮನನ್ನು ಶತ್ರುಗಳು ಕೊಂದಿದ್ದಾರೆ. ಮಾಂತ್ರಿಕನೂ ರಾಜಕುಮಾರ, ಅಪ್ಪ ಅಮ್ಮ ಶಾಪಕ್ಕೆ ಬಲಿ. ಪೂಜಾರಿಯ ಅಪ್ಪ ಅಮ್ಮನನ್ನು ಅವನ ಕಣ್ಣೆದುರೇ ಡ್ರ್ಯಾಗನ್ ಸುಟ್ಟಿದೆ.

"ಮೂರೂ ಜನ ಅನಾಥರು ಯಾಕ್ರೋ? ಊರಿಗೆ ಪ್ಲೇಗ್ ಬಂದಿತ್ತಾ?"

"ದುಃಖ ಇಲ್ದಿದ್ರೆ ಹೀರೋ ಮನೆ ಬಿಟ್ಟು ಯಾಕ್ ಹೋಗ್ತಾನೆ ಮಗಾ?" ಗೆಳೆಯನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

"ಸಂಬಳಕ್ಕೆ ಹೋಗ್ತಾನೆ. ಎಲ್ರೂ ಹೋಗೋದು ಅದಕ್ಕೇ."

"ನಿಂಗೆ ಫೀಲಿಂಗ್ಸೇ ಇಲ್ಲ ಬಿಡು."

ಮೂರು ಹೊತ್ತು ಅಮ್ಮನ ಕೈಯ ಬಿಸಿ ಊಟ ಉಂಡು, ಬನಿಯನ್ ಕೂಡ ಅವರ ಕೈಲೇ ಒಗೆಸಿಕೊಳ್ಳುವವರ ದುಃಖ ಇದು! ನಾನು ಬರೆದೆ: ಅಪ್ಪ ಬದುಕಿದ್ದಾನೆ, ಎಣ್ಣೆ ಅಂಗಡಿ. ಅಮ್ಮ ಬದುಕಿದ್ದಾಳೆ, ಅಳತೆಯಲ್ಲಿ ಕೈ ಬಿಗಿ. ದೋಣಿಗಟ್ಟೆಯಲ್ಲಿ ಒಬ್ಬ ಚಿಕ್ಕಪ್ಪ. ಪ್ರೀತಿಯಿಂದ ಬರೆದದ್ದಲ್ಲ, ಲೆಕ್ಕಾಚಾರದಿಂದ. ಬದುಕಿರುವ ಚಿಕ್ಕಪ್ಪ ಒಬ್ಬ ಹತ್ತು ಕತ್ತಿಗೆ ಸಮ.

ಮೂರು ಭಾನುವಾರ ಒಂದು ಕೋಟೆಯ ಬಾಗಿಲ ಮುಂದೆ ದಾಳ ಉರುಳಿಸಿದೆವು. ಬಾಗಿಲು ತೆರೆಯಲಿಲ್ಲ. ನಾಲ್ಕನೇ ಭಾನುವಾರ ಮಹಡಿ ಹತ್ತಿದರೆ ಗೆಳೆಯನ ಅಮ್ಮ ನಮಗಿಂತ ಮೊದಲೇ ಅಲ್ಲಿ ಕೂತಿದ್ದರು. ಅವರು ಸರ್ಕಾರಿ ಹೈಸ್ಕೂಲಿನ ಇಂಗ್ಲಿಷ್ ಟೀಚರು. ಕೈಯಲ್ಲಿ ಕೆಂಪು ಪೆನ್ನು, ಮುಂದೆ ನಾವು ಮೇಜಿನ ಮೇಲೆ ಬಿಟ್ಟುಹೋಗಿದ್ದ ನಾಲ್ಕು ಹಾಳೆ.

"ಇದು ನಿನ್ನ ಕೈಬರಹ ತಾನೆ?" ಎಂದು ಮಗನನ್ನು ಕೇಳಿದರು.

"ಆಟ ಅಮ್ಮ ಅದು."

"ಆಟಕ್ಕೆ ನಿಮ್ಮಪ್ಪನ್ನ ಸುಡ್ಬೇಕಾ? ಪಾಪ, ಕೆಳಗೆ ಪೇಪರ್ ಓದ್ತಾ ಕೂತಿದಾರೆ. ನಾನಿಲ್ಲಿ ನಿಂಗೆ ಉಪ್ಪಿಟ್ಟು ಕೆದಕ್ತಾ ಇದ್ರೆ ನೀನು ನನ್ನನ್ನ ಡ್ರ್ಯಾಗನ್ ಬಾಯಿಗೆ ಹಾಕ್ತಿದೀಯ!"

"ಅದು ನೀನಲ್ಲಮ್ಮ, ಕ್ಯಾರೆಕ್ಟರ್‌ದು ಅಮ್ಮ..."

"ಅಮ್ಮ ಅಂದ್ರೆ ಅಮ್ಮಾನೇ. ಅಸ್ತು ದೇವತೆಗಳು ಓಡಾಡ್ತಿರ್ತಾರೆ ಕಣೋ, ಕೆಟ್ಟದ್ದು ಬರೀಬಾರ್ದು. ಸಾಕು ಈ ಆಟ. ನಾಳೇನೇ ಟು-ಲೆಟ್ ಬೋರ್ಡ್ ಹಾಕಿಸ್ತೀನಿ."

ಕೋಣೆ ಹೋಯಿತೆಂದರೆ ಗಂಟುಗಳು ಬೀದಿಗೆ. ಮೇ ತಿಂಗಳ ಕೊನೆ ಬೇರೆ. ನನ್ನ ಹಾಳೆಯಲ್ಲಿ ಎಲ್ಲರೂ ಬದುಕಿದ್ದಾರಲ್ಲ ಎಂಬ ಧೈರ್ಯದಿಂದ ಮುಂದೆ ಬಂದು, "ಆಂಟಿ, ನಂದು ನೋಡಿ" ಎಂದೆ.

ಅವರು ನೋಡಿದರು. "ಕಸುಬು, ಕಳ್ಳ. ಹೆತ್ತವರು ಕಣ್ಮುಂದೆ ಇರೋವಾಗ್ಲೇ ಕಳ್ಳ ಆದ್ಯೇನಪ್ಪ? ಇವ್ರಿಗಾದ್ರೆ ಹೇಳೋರು ಕೇಳೋರು ಇಲ್ಲ." ಆಮೇಲೆ ಅವರ ಕಣ್ಣು ಮೂಲೆಗೆ ಹೋಯಿತು. "ಹಂಗಾದ್ರೆ ಆ ಗಂಟುಗಳು?"

ಕೊಂಡದ್ದು ಎಂದು ನಾನು ಹೇಳಿದೆ, ಜೂನಿನಲ್ಲಿ ಮಾರಿದರೇನೇ ಫೀಸು ಕಟ್ಟುವುದು ಎಂದೂ ಹೇಳಿದೆ. ಬೇಕು ಅನ್ನುವುದು ನನ್ನ ಮುಖದಲ್ಲೂ ಕಂಡಿರಬೇಕು.

ಟೀಚರು ಒಂದು ಗಂಟು ಬಿಚ್ಚಿ ಪುಸ್ತಕಗಳನ್ನು ತಿರುವಿದರು. "ನನ್ನ ಸ್ಕೂಲಲ್ಲಿ ಹನ್ನೆರಡು ಮಕ್ಕಳಿಗೆ ಒಂಬತ್ತನೇ ತರಗತಿ ಪುಸ್ತಕ ಇಲ್ಲ. ನೀನು ಕೊಂಡ ಬೆಲೆಗೇ ಕೊಡು."

"ಆರು ಸೆಟ್ ಕೊಡ್ತೀನಿ ಆಂಟಿ."

ಅವರು ಕಿಟಕಿಯ ಹೊರಗೆ ನೋಡಿದರು. "ಮೋಡ ಆಗ್ತಿದೆ ಅಲ್ವಾ?" ಎಂದರು, ಅಷ್ಟೆ.

ಹನ್ನೆರಡು ಕೊಟ್ಟೆ. ಚೌಕಾಶಿಯಲ್ಲಿ ಅಷ್ಟು ಚೆನ್ನಾಗಿ ನನ್ನನ್ನು ಮಣಿಸಿದವರು ಅವರ ನಂತರ ಸಿಕ್ಕಿಲ್ಲ.

ಆದರೂ ಕೋಣೆ ಉಳಿಯಬೇಕಾದರೆ ಇನ್ನೊಂದು ಷರತ್ತು ಬಾಕಿ ಇತ್ತು: ಸತ್ತವರೆಲ್ಲ ಅವರೆದುರಿಗೇ ಬದುಕಬೇಕು. ಗೆಳೆಯ ಮುಖ ಊದಿಸಿಕೊಂಡು ಬರೆದ. "ಸುಮ್ನೆ ರಾಜ ಅಂತ ಬರೆದ್ರೆ ಆಗಲ್ಲ" ಎಂದು ಟೀಚರು ಯೋಧನ ಹಾಳೆಗೆ ಕೆಂಪು ಗೀಟು ಎಳೆದರು. "ನಿಮ್ಮಪ್ಪ ಬೆಳಿಗ್ಗೆ ಎದ್ದು ಏನು ಕೆಲಸ ಮಾಡ್ತಾರೆ, ಅದು ಬರಿ." ಯೋಧ ಪೆನ್ನು ಕಚ್ಚಿ ಕಚ್ಚಿ ಕಡೆಗೆ, ಅಪ್ಪ ಕುದುರೆಗೆ ಲಾಳ ಹೊಡೆಯುತ್ತಾನೆ ಎಂದು ಬರೆದ. ಟೀಚರು ರೈಟ್ ಹಾಕಿ ಕೆಳಗೆ ಹೋದರು. ಬೋರ್ಡು ಏರಲಿಲ್ಲ.

ಆವತ್ತಿನ ಆಟದಲ್ಲೇ ಕೋಟೆಯ ಕಾವಲುಗಾರನಿಗೆ ನಾನು ಹೇಳಿದೆ: "ನಿಮ್ಮ ಕುದುರೆಗೆ ಲಾಳ ಹೊಡೆಯೋರ ಮಗ ಇವನು." ಗೆಳೆಯ ಪುಸ್ತಕವನ್ನೆಲ್ಲ ಹುಡುಕಿದ, ಬೇಡ ಎನ್ನಲು ನಿಯಮ ಸಿಗಲಿಲ್ಲ. ಬಾಗಿಲು ತೆರೆಯಿತು. ಮೂರು ಭಾನುವಾರ ಅನಾಥರು ಕತ್ತಿ ಬೀಸಿ ಆಗದ್ದು, ಒಬ್ಬ ಅಪ್ಪನಿಂದ ಒಂದು ನಿಮಿಷದಲ್ಲಿ ಆಯಿತು.

ಈಗ ಆ ಪುಸ್ತಕಗಳು ದಪ್ಪವಾಗಿವೆಯಂತೆ, ಕ್ಲಾಸುಗಳು ಹೆಚ್ಚಿವೆಯಂತೆ, ಹಿನ್ನೆಲೆಗಳನ್ನೂ ರೆಡಿಮೇಡ್ ಕೊಡುತ್ತಾರಂತೆ. ಯಾವುದನ್ನಾದರೂ ತೆಗೆದುಕೊಳ್ಳಿ, ಕಿರೀಟ ಇರುವುದನ್ನು ಮಾತ್ರ ಬಿಡಿ. ಅಪ್ಪ ಅಮ್ಮನನ್ನು ಬದುಕಿಸಿಕೊಳ್ಳಿ, ಅವರಿಗೆ ಬೆಳಿಗ್ಗೆ ಎದ್ದು ಮಾಡುವ ಕೆಲಸವೊಂದನ್ನು ಕೊಡಿ. ಆ ಕೆಲಸ ನಾಲ್ಕು ಜನರ ಬಾಗಿಲಿಗೆ ಹೋಗಿಬರುವಂಥದ್ದಾಗಿರಲಿ. ಆಟ ಮುಗಿದ ಮೇಲೆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳಿ. ಇನ್ನು, ಬೇರೆಯವರ ಮನೆಯಲ್ಲಿ ಸಾಮಾನು ಇಡುವುದಿದ್ದರೆ ಮಗನನ್ನು ಒಪ್ಪಿಸಿ ಸುಮ್ಮನಾಗಬೇಡಿ. ಮೊದಲ ದಿನವೇ ಅಮ್ಮನ ಹತ್ತಿರ ಮಾತಾಡಿ, ಅದೂ ಆಕಾಶ ತಿಳಿಯಾಗಿರುವಾಗ.