ಐದು ತಿಂಗಳ ಬೀಗ ಮತ್ತು ಒಂದು ಹಾಲುಹಲ್ಲು

ರಂಜಿನಿಯನ್ನು ನಾನು ಮೊದಲು ಕಂಡಾಗ ಅವಳು ನಮ್ಮ ಧರಣಿಗೆ ಬೆನ್ನು ಹಾಕಿ ಕೂತಿದ್ದಳು. ಮಾಗಡಿ ರಸ್ತೆಯ ಹಳೇ ಕಾರ್ಖಾನೆಯೊಂದರ ಆವರಣದಲ್ಲಿ ತೇಗದ ಮರಗಳನ್ನು ಕಡಿಯುತ್ತಿದ್ದರು. ನಾವು ಮೂವತ್ತು ಜನ ಗಂಟಲು ಹರಿದುಕೊಳ್ಳುತ್ತಿದ್ದೆವು. ಈ ಹುಡುಗಿ ಮಾತ್ರ ಉರುಳಿದ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಗುಂಡುಪಿನ್ನು ಚುಚ್ಚುತ್ತಾ ಉಂಗುರ ಎಣಿಸುತ್ತಿದ್ದಳು.

"ಏನಮ್ಮ, ಹೆಣದ ಮುಂದೆ ಕೂತು ಎಣಿಸ್ತಾ ಇದೀಯ? ಬಂದು ಒಂದು ಘೋಷಣೆನಾದ್ರೂ ಕೂಗಬಾರದಾ?" ಅಂದೆ.

"ನೀವು ಕೂಗಿದ್ದು ನಾಡಿದ್ದು ಯಾರಿಗೂ ನೆನಪಿರಲ್ಲ ಸಾರ್. ಇದಕ್ಕೆ ಇರುತ್ತೆ. ಈ ಉಂಗುರ ನೋಡಿ, ಎಷ್ಟು ಸಣ್ಣ ಇದೆ. ಆ ವರ್ಷ ಮಳೆ ಕೈಕೊಟ್ಟಿತ್ತು."

ಯಾರ ಮಗಳು ಇವಳು ಎಂದು ವಿಚಾರಿಸಿದರೆ, ಹೆಗ್ಗನಹಳ್ಳಿಯ ಬೈರಯ್ಯನ ಮಗಳು. ನನಗೆ ನಗು ಬಂತು. ಬೈರಯ್ಯ ನಮ್ಮ ಕಾರ್ಮಿಕ ಸಂಘದ ಹಳೇ ಹುಲಿ. ಹೆಗ್ಗನಹಳ್ಳಿಯಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡೊಂದಿತ್ತು. ಅಲ್ಲಿ ಹದಿನೈದು ವರ್ಷ ಮಚ್ಚು ಬೀಸಿದವನು. ಧರಣಿ ಎಂದರೆ ಮೊದಲು ತಮಟೆ ಎತ್ತಿಕೊಂಡು ಬರುತ್ತಿದ್ದವನೂ ಅವನೇ.

ಐದಾರು ವರ್ಷ ಕಳೆಯಿತು. ಮರದ ಉಂಗುರದಿಂದ ಆ ಹುಡುಗಿ ಹಲ್ಲಿಗೆ ಇಳಿದಳು. ಹಲ್ಲೂ ಮರದ ಹಾಗೇ ಪದರ ಪದರವಾಗಿ ಕಟ್ಟುತ್ತದಂತೆ. ಮಗು ಉಸಿರಾಡಿದ್ದು, ನುಂಗಿದ್ದು ಅದರೊಳಗೆ ದಿನಾಂಕ ಹಾಕಿದಂತೆ ಕೂತುಬಿಡುತ್ತದಂತೆ. ಪಿಎಚ್.ಡಿ.ಗೆಂದು ಹೆಗ್ಗನಹಳ್ಳಿಯ ಮನೆಮನೆ ತಿರುಗಿ ಮಕ್ಕಳ ಹಾಲುಹಲ್ಲು ಕೇಳಿದಳು. ನಮ್ಮ ಕಡೆ ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುತ್ತಾರೆ. ಕಾಗೆಯ ಕಣ್ಣಿಗೆ ಬಿದ್ದರೆ ಹೊಸ ಹಲ್ಲು ಬರುವುದಿಲ್ಲ ಎಂಬ ಭಯ. "ಹಲ್ಲು ಕೇಳೋಳು ಬಂದ್ಲು" ಎಂದು ಹೆಂಗಸರು ಬಾಗಿಲು ಹಾಕಿಕೊಂಡದ್ದೂ ಉಂಟು.

ಸ್ವಂತ ಹಲ್ಲು ಮಾತ್ರ ಅವಳ ಬಳಿಯೇ ಇತ್ತು. ಹತ್ತು ವರ್ಷದವಳಿದ್ದಾಗ ಬಿದ್ದ ದವಡೆ ಹಲ್ಲನ್ನು ಎಸೆಯಲು ಒಪ್ಪದೆ ಜಾಮಿಟ್ರಿ ಬಾಕ್ಸಿನಲ್ಲಿ ಬಚ್ಚಿಟ್ಟಿದ್ದಳು. ತಾಯಿ ಅಣ್ಣಮ್ಮ ಪೊರಕೆಯಲ್ಲಿ ಬಾರಿಸಿದ್ದಳು. "ಆದ್ರೂ ಹೊಸ ಹಲ್ಲು ಬಂತು ಸಾರ್. ಅದೇ ನನ್ನ ಮೊದಲನೇ ಪ್ರಯೋಗ" ಎನ್ನುತ್ತಿದ್ದಳು.

ಕಳೆದ ತಿಂಗಳು ಮಾರೇನಹಳ್ಳಿಯ ನನ್ನ ಮನೆಗೆ ಒಂದು ಹಾಳೆ ಹಿಡಿದು ಬಂದಳು. ಮುಖ ಇಳಿದಿತ್ತು. ಹಾಳೆಯ ಮೇಲೆ ಒಂದು ಗೆರೆ. ಮೊದಲು ಎತ್ತರದಲ್ಲಿತ್ತು, ನಡುವೆ ಧಡಕ್ಕನೆ ಇಳಿದಿತ್ತು, ಮತ್ತೆ ಗೋಡೆ ಹತ್ತಿದಂತೆ ಏರಿತ್ತು.

"ಇದು ನನ್ನ ಹಲ್ಲಲ್ಲಿರೋ ಸೀಸ. ಇಲ್ಲಿ ನಾನು ಹುಟ್ಟಿದ್ದು, ತೊಂಬತ್ತೇಳರ ದೀಪಾವಳಿ. ಈ ಇಳಿದಿರೋದು ತೊಂಬತ್ತೆಂಟರ ಬೇಸಿಗೆಯಿಂದ ನಾಲ್ಕೈದು ತಿಂಗಳು. ಯಾಕಿಳೀತು ಅಂತ ಗೊತ್ತಾಗ್ತಿಲ್ಲ. ಆಗ ಏನಾದ್ರೂ ನಡೀತಾ ಸಾರ್? ಮನೇಲಿ ಯಾರಿಗೂ ಇಸವಿ ನೆನಪಿಲ್ಲ."

ಅಟ್ಟದಿಂದ ಹಳೇ ಕರಪತ್ರದ ಕಟ್ಟು ಇಳಿಸಿ ಹುಡುಕಿದೆ. ಹೊಗೆ ಜಾಸ್ತಿಯಾಯಿತೆಂದು ಸರ್ಕಾರದವರು ಬೈರಯ್ಯನ ಆ ಸೀಸದ ಶೆಡ್ಡಿಗೆ ಬೀಗ ಜಡಿದದ್ದು ತೊಂಬತ್ತೆಂಟರ ಏಪ್ರಿಲ್‌ನಲ್ಲಿ. 'ಬಡವರ ಹೊಟ್ಟೆಯ ಮೇಲೆ ಬೀಗ' ಎಂದು ಕರಪತ್ರ ಬರೆದವನು ನಾನು. ಐದು ತಿಂಗಳು ರಸ್ತೆಯಲ್ಲಿ ಕೂತೆವು, ಲಾಠಿ ತಿಂದೆವು. ಸೆಪ್ಟೆಂಬರ್‌ನಲ್ಲಿ ಬೀಗ ತೆಗೆಸಿ, ತಮಟೆ ಬಡಿದು, ಬೈರಯ್ಯನನ್ನು ಹೆಗಲ ಮೇಲೆ ಹೊತ್ತು ಮೆರೆಸಿದೆವು.

ಹಾಳೆಯಲ್ಲಿ ಗೆರೆ ಮೇಲೇರಿದ್ದೂ ಆ ಸೆಪ್ಟೆಂಬರ್‌ನಿಂದಲೇ. ನಮ್ಮ ವಿಜಯೋತ್ಸವ ಒಂದು ಕೂಸಿನ ಹಲ್ಲಿನೊಳಗೆ ಅಚ್ಚಾಗಿ ಕೂತಿತ್ತು. ನಲವತ್ತು ವರ್ಷ ಹೋರಾಟ ಮಾಡಿ ಸೋಲನ್ನು ಎಷ್ಟೋ ಸಲ ಕಂಡಿದ್ದೇನೆ. ಗೆಲುವು ಹೀಗೆ ಎದೆಗೆ ಒದ್ದದ್ದು ಅವತ್ತೇ.

ಅವಳ ಪಿಎಚ್.ಡಿ. ಗೈಡು, "ನಿನ್ನ ಹಲ್ಲನ್ನ ಬರೀ ಮಾದರಿ ಹದಿನಾಲ್ಕು ಅಂತ ಬರಿ, ಮನೆ ಕತೆ ಬೇಡ" ಎಂದಿದ್ದರಂತೆ. ಇವಳು ಜಗಳಕ್ಕೆ ನಿಂತಳು. ಸೀಸ ಗಾಳಿಯಲ್ಲಷ್ಟೇ ಬರಲಿಲ್ಲ, ಅಪ್ಪನ ಅಂಗಿಯಲ್ಲಿ ಮನೆಗೆ ಬಂತು ಎಂಬುದೇ ಅವಳ ವಾದ. ಕೊನೆಗೆ ಗೈಡು, ಕೆಲಸದ ದಿನಾಂಕ, ಬಟ್ಟೆಯ ವಿಷಯ ಎಲ್ಲ ಬರೆದು ಅಪ್ಪ ಸಹಿ ಹಾಕಿದರೆ ಆ ಅಧ್ಯಾಯ ಇರಲಿ, ಇಲ್ಲದಿದ್ದರೆ ಕಿತ್ತುಹಾಕು ಎಂದರು.

"ನನ್ನ ಮಾತು ಅಪ್ಪ ಕೇಳಲ್ಲ. ನೀವು ಬನ್ನಿ" ಅಂದಳು.

ಭಾನುವಾರ ಬೆಳಿಗ್ಗೆ ಹೆಗ್ಗನಹಳ್ಳಿಗೆ ಹೋದೆ. ಜಿಂಕ್ ಶೀಟಿನ ಮನೆ. ಗೋಡೆಯ ಮೇಲೆ ಅದೇ ಸೆಪ್ಟೆಂಬರ್‌ನ ಫೋಟೊ. ಹೆಗಲ ಮೇಲೆ ಬೈರಯ್ಯ, ಕತ್ತಿನಲ್ಲಿ ಚೆಂಡುಹೂವಿನ ಹಾರ. ಮಗ ಮಹದೇವ್ ಕೆನ್ನೆ ಊದಿಸಿಕೊಂಡು ಬಾಗಿಲಲ್ಲೇ ಸಿಕ್ಕ. ಆ ಗೆಲುವಾದ ಎರಡು ವರ್ಷಕ್ಕೆ ಹುಟ್ಟಿದವನು. ಈಗ ಸುಂಕದಕಟ್ಟೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್.

"ಬನ್ನಿ ಅಣ್ಣ. ಕ್ರಾಂತಿ ಇವತ್ತೇನಾ?" ಎಂದು ಕಿಚಾಯಿಸಿ ಸ್ಪ್ಯಾನರ್ ಹಿಡಿದು ಬೈಕಿನ ಹತ್ತಿರ ಹೋದ.

ರಂಜಿನಿ ಬರೆದು ತಂದಿದ್ದ ಹೇಳಿಕೆಯನ್ನು ಪಕ್ಕಕ್ಕಿಟ್ಟು, ಗೆರೆಯ ಹಾಳೆ ಬಿಡಿಸಿದಳು. ಬೈರಯ್ಯ ಕನ್ನಡಕ ಏರಿಸಿ, ಬೀಗ ಹಾಕಿದ ದಿನದ ಮೇಲೆ ಬೆರಳಿಟ್ಟ. ನಿಧಾನವಾಗಿ ಹಳ್ಳಕ್ಕಿಳಿಸಿದ, ಮತ್ತೆ ಏರಿಸಿದ. ಬೆರಳು ಮೇಲೆ ನಿಂತಿತು.

"ನಾನು ತಮಟೆ ಬಡಿದ ದಿನ" ಅಂದ.

"ಹೂಂ ಅಪ್ಪ."

"ನನ್ನ ಅಂಗಿನಾ?"

"ಅಂಗಿ, ತಲೆಕೂದಲು, ಚಪ್ಪಲಿ. ಬಂದ ತಕ್ಷಣ ನನ್ನ ಎತ್ಕೊಂಡು ಮುದ್ದಾಡ್ತಿದ್ರಂತಲ್ಲ."

ಬೈರಯ್ಯ ನನ್ನ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ ಆಗ?"

"ಹೊಗೆ ಕೆಟ್ಟದ್ದು ಅಂತ ಗೊತ್ತಿತ್ತು. ಬಟ್ಟೇಲಿ ಮನೆಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ. ಕೇಳೋಕೂ ಹೋಗ್ಲಿಲ್ಲ."

"ಆ ಬೀಗ ತೆಗೆಸ್ಲೇಬಾರ್ದಾಗಿತ್ತು ಕಣೋ."

ಒಲೆಯ ಮುಂದಿದ್ದ ಅಣ್ಣಮ್ಮ ಸಿಡಿದಳು. "ತೆಗೆಸ್ದೆ ಏನ್ ತಿನ್ನಿಸ್ತಿದ್ರಿ, ಮಣ್ಣಾ? ಆ ಐದು ತಿಂಗಳು ಗಂಜಿ ತಿಳಿ ಕುಡಿದು ಮೊಲೆ ಕೊಟ್ಟಿದೀನಿ. ಹಾಲು ಬರ್ದೆ ಇದು ಕಚ್ಚಿ ರಕ್ತ ಬರ್ಸಿತ್ತು. ನಿಮ್ಮ ಹಾಳೇಲಿ ಅದೇ ಒಳ್ಳೇ ಕಾಲನಾ? ಥೂ!"

ಅವಳು ಅತಿ ಹಸಿದಿದ್ದ ಕಾಲವೇ ಮಗುವಿನ ಮೈ ಅತಿ ಚೊಕ್ಕಟವಿದ್ದ ಕಾಲ.

ಬೈರಯ್ಯ ಪೆನ್ನು ಕೈಗೆ ತಗೊಂಡವನು ತಡೆದ. "ಮಹದೇವಂದು?"

ರಂಜಿನಿ ತಲೆ ತಗ್ಗಿಸಿದಳು. ಮಹದೇವ್ ಎಸ್ಸೆಸ್ಸೆಲ್ಸಿ ಮೂರು ಸಲ ಫೇಲು. ಮಗ್ಗಿ ಬಾರದೆ ಹೋದಾಗೆಲ್ಲ "ತಲೇಲಿ ಜೇಡಿಮಣ್ಣು" ಎಂದು ಬೈರಯ್ಯ ಬೆಲ್ಟು ಬಿಚ್ಚುತ್ತಿದ್ದುದು ಓಣಿಗೆಲ್ಲ ಗೊತ್ತು.

"ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ಆದ್ರೆ ಅವನಿಗೆ ಅದರಿಂದ್ಲೇ ಹಿಂಗಾಯ್ತು ಅಂತ ಹೇಳೋಕಾಗಲ್ಲ ಅಪ್ಪ. ಆಗಿಲ್ಲ ಅಂತ್ಲೂ ಹೇಳೋಕಾಗಲ್ಲ. ಅವನ ಹಲ್ಲು ಇಲ್ವಲ್ಲ, ಎಲ್ಲ ಎಸೆದಿದ್ರಿ."

ಬೈರಯ್ಯ ಎದ್ದ. ಗೋಡೆಗೊರಗಿದ್ದ ಏಣಿ ಹತ್ತಿ ಸೂರಿನ ಮೇಲೆ ಹೋದ. "ಅಷ್ಟು ವರ್ಷ ಬಿಸಿಲು ಮಳೆ ತಿಂದಿರುತ್ತೆ, ಸಿಕ್ಕಿದ್ರೂ ಕೆಲಸಕ್ಕೆ ಬರಲ್ಲ ಅಪ್ಪಾ!" ಎಂದು ಮಗಳು ಕೂಗಿದಳು. ಅವನು ಕೇಳಲಿಲ್ಲ. ಶೀಟು ಹಾರದಂತೆ ಹೇರಿದ್ದ ಕಲ್ಲು, ಟೈರು ಒಂದೊಂದನ್ನೇ ಎತ್ತಿ, ಕಸ ಬೆರಳಲ್ಲಿ ಕೆದಕತೊಡಗಿದ. ಎಲೆ, ತುಕ್ಕು, ಯಾರದೋ ಕ್ರಿಕೆಟ್ ಚೆಂಡು.

ಮಹದೇವ್ ಕೆಳಗೆ ನಿಂತು ಕತ್ತೆತ್ತಿದ. "ಏನಕ್ಕಾ, ಯಜಮಾನ್ರು ಮೇಲೆ ಏನ್ ಹುಡುಕ್ತಾವ್ರೆ?"

"ನಿನ್ನ ಹಲ್ಲು ಕಣೋ."

"ನನ್ನ ಹಲ್ಲಾ?" ಎಂದು ಊದಿದ ಕೆನ್ನೆ ಸರಿಸಿ ಬಾಯಿ ತೆರೆದ. "ಇಲ್ಲೇ ಐತಲ್ಲ! ಈ ದವಡೇದು ಹುಳ ತಿಂದೈತೆ. ಬುಧವಾರ ಕೀಳ್ತೀನಿ ಅಂದವ್ರೆ ಡಾಕ್ಟ್ರು. ನೀನೇ ಮಡಿಕೋ, ನಂಗ್ಯಾಕೆ."

ರಂಜಿನಿ ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಇದು ಹಾಲುಹಲ್ಲಲ್ಲ, ಆದ್ರೂ ಈ ದವಡೆ ಹಲ್ಲು ಮಗು ಹುಟ್ಟಿದಾಗಿಂದ್ಲೇ ಒಸಡಿನೊಳಗೆ ಕಟ್ಟೋಕೆ ಶುರುವಾಗುತ್ತೆ ಸಾರ್. ಹುಳ ತಿನ್ನದೆ ಉಳಿದಿರೋ ಭಾಗದಲ್ಲಿ ಆಗಿನ ಸೀಸ ಎಲ್ಲ ಇರುತ್ತೆ." ಊರಿನ ಹಲ್ಲೆಲ್ಲ ಬೇಡಿ ತಿರುಗಿದವಳಿಗೆ ಒಂದೇ ತಟ್ಟೆಯಲ್ಲಿ ಉಂಡ ತಮ್ಮನ ಬಾಯಿ ಹೊಳೆದಿರಲಿಲ್ಲ.

ಸೂರಿನ ಮೇಲೆ ಸದ್ದು ನಿಂತಿತ್ತು. ಬೈರಯ್ಯ ಇಳಿದು ಬಂದ. ಕೈಯೆಲ್ಲ ತುಕ್ಕು. ತೊಳೆಯಲು ಹೋಗದೆ ಪಂಚೆಗೆ ಒರೆಸಿಕೊಂಡು, ಹೇಳಿಕೆಯ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದ. ಕೆಳಗೆ, ಬೀಗ ತೆಗೆಸಿದವರ ಪರವಾಗಿ, ನನ್ನ ಸಹಿ.

ಆಮೇಲೆ ಅವನು ಮಗನ ಮುಖ ನೋಡದೆ ಕೇಳಿದ:

"ಬುಧವಾರ ಎಷ್ಟೊತ್ತಿಗೆ?"

"ಹತ್ತಕ್ಕೆ. ಯಾಕೆ?"

"ನಾನೂ ಬರ್ತೀನಿ."

ಮಹದೇವ್ ಬೆಪ್ಪಾಗಿ ನಿಂತ. ಅವನ ಇಸ್ಕೂಲಿಗೆ ಅಪ್ಪ ಒಂದು ದಿನವೂ ಬಂದವನಲ್ಲ.